ನನಗೆ ಇಡೀ ತಿಂಡಿ ಬೀದಿ, ಅವನಿಗೆ ಬರೀ ಇಡ್ಲಿ!

ಶ್ರೀನಗರದಲ್ಲಿ ಬೆಳೆದವರಿಗೆ ನಾಲಿಗೆ ಚಪಲ ಸ್ವಲ್ಪ ಜಾಸ್ತಿನೇ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ವಿ.ವಿ. ಪುರದ ತಿಂಡಿ ಬೀದಿ ಎಲ್ಲಾ ಹತ್ತಿರ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ, ಚಳಿಗಾಲದಲ್ಲಿ ಅವರೆಕಾಯಿ. ವಾರವಿಡೀ ಕೋಡ್ ಬರೆಯೋ ನನಗೆ ಭಾನುವಾರ ಅಂದ್ರೆ ಊಟ. ಆದರೆ ನಾನು ಎರಡು ವರ್ಷದಿಂದ ಪ್ರೀತಿಸ್ತಿರೋ ಹುಡುಗನ ಮೆನುವಿನಲ್ಲಿ ಇರೋದು ಐದೇ: ಇಡ್ಲಿ, ಖಾಲಿ ದೋಸೆ, ಚಪಾತಿ, ತಿಳಿಸಾರು ಅನ್ನ, ಮೊಸರನ್ನ. ಬದನೆಕಾಯಿ ಅವನಿಗೆ ಲೊಳಲೊಳ, ಕೊತ್ತಂಬರಿ ಸೊಪ್ಪು ಸೋಪಿನ ವಾಸನೆ, ಅವರೆಕಾಳು ಗಂಟಲಲ್ಲೇ ಇಳಿಯಲ್ಲ.

ತಮಾಷೆ ಅನ್ಸುತ್ತೆ ಅಲ್ವಾ? ಮದುವೆ ಮಾತು ಬಂದ ಮೇಲೆ ಹಾಗನ್ಸಲ್ಲ. "ಹಿತಕಿದ ಬೇಳೆ ಸಾರು ಮುಟ್ಟದವನ ಜೊತೆ ಹೆಂಗೆ ಬಾಳ್ತೀಯೇ?" ಅಂತ ಅಜ್ಜಿ ನೇರವಾಗೇ ಕೇಳಿದ್ರು. ನಮ್ಮ ಮನೆಗಳಲ್ಲಿ ಬಡಿಸಿದ್ದನ್ನ ಬೇಡ ಅಂದ್ರೆ ಬಡಿಸಿದವರನ್ನೇ ಬೇಡ ಅಂದಂಗೆ.

ಇದೆಲ್ಲಾ ಬರೀ ಹಠ ಅಲ್ಲ. ಕೊತ್ತಂಬರಿಯ ಪರಿಮಳಕ್ಕೆ ಕಾರಣವಾದ ಆಲ್ಡಿಹೈಡ್‌ಗಳಂಥವೇ ಸೋಪಿನಲ್ಲೂ ಇರುತ್ತವೆ. ವಾಸನೆ ಗುರುತಿಸುವ ಒಂದು ಜೀನ್‌ನಲ್ಲಿನ ವ್ಯತ್ಯಾಸಕ್ಕೂ ಈ 'ಸೋಪು' ಅನುಭವಕ್ಕೂ ನಂಟಿದೆ. ಕಹಿಯೂ ಹಾಗೇ, ಟಿಎಎಸ್2ಆರ್38 ಅನ್ನೋ ಜೀನ್ ಮೇಲೆ ಕೆಲವರಿಗೆ ಜೋರಾಗಿ, ಕೆಲವರಿಗೆ ಸಪ್ಪೆಯಾಗಿ ತಿಳಿಯುತ್ತೆ. ಒಂದೇ ತಟ್ಟೆಯಲ್ಲಿ ತಿಂದ್ರೂ ನಾವಿಬ್ಬರು ತಿನ್ನೋದು ಒಂದೇ ರುಚಿ ಅಲ್ಲ.

ಇನ್ನು ಮೆನು ಚಿಕ್ಕದಾದ್ರೆ ರುಚಿಪ್ರಜ್ಞೆ ಕಮ್ಮಿ ಅಂತಾನಾ? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಅಂತ ಬೆರಳೆಣಿಕೆಯ ಐಟಂಗಳಲ್ಲೇ ಹೆಸರು ಮಾಡಿದ ಜಾಗ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಆದ್ರೂ ಜನ ನಿಂತುಕೊಂಡೇ ತಿಂತಾರೆ. ನನ್ನ ಹುಡುಗನೂ ಹಾಗೇ. ಚಳಿಗೆ ಹಿಟ್ಟು ಸರಿಯಾಗಿ ಹುದುಗಿಲ್ಲ ಅನ್ನೋದನ್ನ ಇಡ್ಲಿಯ ಮೊದಲ ತುತ್ತಲ್ಲೇ ಹೇಳ್ತಾನೆ. ನಾನು ಅಷ್ಟು ಹೊತ್ತಿಗೆ ಎರಡು ಬಟ್ಟಲು ಚಟ್ನಿ ಖಾಲಿ ಮಾಡಿರ್ತೀನಿ.

ನಮಗೆ ಕೆಲಸಕ್ಕೆ ಬಂದಿದ್ದು ಇಷ್ಟು:

* "ಒಂದೇ ಒಂದು ತುತ್ತು" ಅನ್ನೋ ಒತ್ತಾಯ ಬಂದ್. ಬಲವಂತ ಮಾಡಿದಷ್ಟೂ ಅವನ ಬಾಯಿ ಇನ್ನೂ ಬಿಗಿಯಾಗುತ್ತೆ.

* ಹೊಸದನ್ನ ಹಳೆಯದರ ಪಕ್ಕದಲ್ಲೇ ಹುಡುಕೋದು. ಇಡ್ಲಿಯಿಂದ ರವೆ ಇಡ್ಲಿಗೆ ಬಂದ, ಮನೇಲಿ ಕೊತ್ತಂಬರಿ ಹಾಕದೆ ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ಎಂಟಿಆರ್‌ನವರು ಕಂಡುಕೊಂಡ ತಿಂಡಿ ಅಂತ ಹೇಳ್ತಾರಲ್ಲ, ನಮ್ಮ ಕಷ್ಟಕ್ಕೂ ಅದೇ ಆಯ್ತು.

* ನನ್ನ ಆಸೆಗೆ ಕತ್ತರಿ ಹಾಕಿಲ್ಲ. ತಿಂಡಿ ಬೀದಿಗೆ ಗೆಳತಿಯರ ಜೊತೆ ಹೋಗ್ತೀನಿ. ಅವನು ಬಂದ್ರೆ ಮಜ್ಜಿಗೆ ಕುಡೀತಾ ಪಕ್ಕದಲ್ಲಿ ನಿಲ್ತಾನೆ.

* ಯಾರ ಮನೆಗೆ ಊಟಕ್ಕೆ ಹೋದ್ರೂ ಮೊದಲೇ ಹೇಳಿಬಿಡೋದು. ಎಲೆ ಮುಂದೆ ಕೂತ ಮೇಲೆ ಹೇಳಿದ್ರೆ ಎಲ್ಲರಿಗೂ ಮುಜುಗರ.

ಅವನು ಎಲ್ಲಾ ತಿನ್ನಲಿ ಅಂತ ನಾನೀಗ ಕಾಯ್ತಿಲ್ಲ. ನನ್ನ ತಟ್ಟೆ ನೋಡಿ ಅವನು ಮುಖ ಸಿಂಡರಿಸಬಾರದು, ಅವನ ತಟ್ಟೆ ನೋಡಿ ನಾನು ನಗಬಾರದು. ನಲವತ್ತು ವರ್ಷ ಒಟ್ಟಿಗೆ ಊಟಕ್ಕೆ ಕೂರೋಕೆ ಇಷ್ಟಿದ್ರೆ ಸಾಕು ಅಂತ ನನ್ನ ಲೆಕ್ಕ. ಅಜ್ಜಿ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಕಳೆದ ಸಲ ಅವನು ಬಂದಾಗ ಹಿತಕಿದ ಬೇಳೆ ಪಾತ್ರೆ ಪಕ್ಕದಲ್ಲಿ ಸಣ್ಣ ಪಾತ್ರೆಯಲ್ಲಿ ತಿಳಿಸಾರೂ ಇತ್ತು, ಕೊತ್ತಂಬರಿ ಇಲ್ಲದೆ.