ಮಗು ನೋಡಿಕೊಳ್ಳುವ ಆಂಟಿಯನ್ನು ನೋಡಿಕೊಳ್ಳುವವರು ಯಾರು?

ಕಳೆದ ಕಾರ್ತಿಕದ ಒಂದು ಬುಧವಾರ. ಮಧ್ಯಾಹ್ನ ಹನ್ನೆರಡೂವರೆ. ಮೀಟಿಂಗ್‌ನಲ್ಲಿದ್ದೆ. ಫೋನ್ ಮೂರು ಸಲ ಅದುರಿತು, ಮೂರೂ ಸಲ ಆಂಟಿಯದ್ದೇ. ಅವರು ಸುಮ್ಮಸುಮ್ಮನೆ ಫೋನ್ ಮಾಡುವವರಲ್ಲ. ಹೊರಗೆ ಬಂದು ಎತ್ತಿದರೆ ಆ ಕಡೆಯಿಂದ ಬರೀ ಉಸಿರಿನ ಸದ್ದು. ಆಮೇಲೆ, "ನಿನ್ ಮಗಳು ಚೆನ್ನಾಗಿದಾಳೆ ಕಣಮ್ಮಾ. ಆದ್ರೆ ನಾಳೆಯಿಂದ ಬೇರೆ ಕಡೆ ನೋಡ್ಕೊ. ನನ್ ಕೈಲಿ ಇನ್ನು ಆಗಲ್ಲ" ಅಂದರು.

ಆಗಿದ್ದು ಇಷ್ಟು. ಪರಿಷೆಯಿಂದ ಯಾರೋ ತಂದುಕೊಟ್ಟ ಕಡಲೆಕಾಯಿ ಮನೆಯಲ್ಲಿತ್ತು. ನೆಲದ ಮೇಲೆ ಬಿದ್ದಿದ್ದ ಒಂದು ಬೀಜವನ್ನು ಎರಡು ವರ್ಷದ ಹುಡುಗನೊಬ್ಬ ಬಾಯಿಗೆ ಹಾಕಿಕೊಂಡು ಓಡಿದ. ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮೂ ಬರಲಿಲ್ಲ, ಅಳುವೂ ಬರಲಿಲ್ಲ. ಆಂಟಿ ಗಾಬರಿಯಲ್ಲಿ ಅವನ ಬಾಯಿಗೆ ಬೆರಳು ಹಾಕಿ ತೆಗೆಯಲು ಹೋದರು, ಸಿಗಲಿಲ್ಲ. ಅವರ ಕೂಗು ಕೇಳಿ ಮೇಲಿನ ಮನೆಯ ನಿವೃತ್ತ ನರ್ಸಮ್ಮ ಓಡಿಬಂದು, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದರು. ಮೂರನೇ ಏಟಿಗೆ ಬೀಜ ಆಚೆ ಬಿತ್ತು. ಹುಡುಗ ಜೋರಾಗಿ ಅತ್ತು, ಅರ್ಧ ಗಂಟೆಯಲ್ಲಿ ಮೊಸರನ್ನ ತಿಂದು ಮಲಗಿದ. ಆಂಟಿ ಮಾತ್ರ ಅವತ್ತು ಊಟ ಮಾಡಲಿಲ್ಲ.

ಎರಡೂವರೆ ವರ್ಷದ ಲೆಕ್ಕ

ವಿಜಯನಗರದ ನಮ್ಮ ಬೀದಿಯಲ್ಲಿ ಆಂಟಿ ಒಂಬತ್ತು ವರ್ಷದಿಂದ 'ಬೇಬಿ ಸಿಟ್ಟಿಂಗ್' ಮಾಡುತ್ತಿದ್ದಾರೆ. ಬೋರ್ಡಿಲ್ಲ. ಬಾಯಿಂದ ಬಾಯಿಗೆ ಹೋದ ಹೆಸರಷ್ಟೇ. ಒಂದು ಹಾಲ್, ಒಂದು ರೂಮು, ಬಾಗಿಲಿಗೆ ಅಡ್ಡ ಕಟ್ಟಿದ ಹಲಗೆ, ಆರು ಮಕ್ಕಳು. ಬೆಳಗ್ಗೆ ಎಂಟೂವರೆಗೆ ನಾವೆಲ್ಲ ಮಕ್ಕಳನ್ನು ಬಿಟ್ಟು ಓಡಿದರೆ, ಸಂಜೆ ಏಳಕ್ಕೆ ಟ್ರಾಫಿಕ್ ದಾಟಿ ಬರುವ ಕೊನೆಯ ಅಪ್ಪನವರೆಗೂ ಅವರು ಒಬ್ಬರೇ.

ನಾನು ಆಂಟಿಯನ್ನು ಹುಡುಕಿಕೊಂಡು ಹೋದದ್ದು ಲೆಕ್ಕ ಹಾಕಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಅದರಲ್ಲಿ ಸೇರಿತು. ನನ್ನ ಕಂಪನಿಯಲ್ಲಿ ನಾವಿರುವುದೇ ಮೂವತ್ತು ಜನ. ಆ ನಿಯಮ ನಮಗೆ ಬರುವುದಿಲ್ಲ. 26 ವಾರ ಅಂದರೆ ಆರು ತಿಂಗಳು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಶುರುವಾಗುವುದು ಮೂರು ವರ್ಷಕ್ಕೆ. ಮಧ್ಯದ ಎರಡೂವರೆ ವರ್ಷ? ಬಾಣಂತನ ಮುಗಿಸಿ ಅಮ್ಮ ತಿಪಟೂರಿಗೆ ವಾಪಸ್ ಹೋದರು. ಅಲ್ಲಿ ತೋಟ ಇದೆ, ಅಪ್ಪನಿಗೆ ಶುಗರ್ ಇದೆ. ಉಳಿದದ್ದು ಆಂಟಿ.

ನಮ್ಮಂಥವರ ಕೆಲಸ, ಪ್ರಮೋಷನ್, ಹೋಮ್ ಲೋನ್ ಎಲ್ಲವೂ ಇಂಥದ್ದೊಂದು ಹಾಲ್‌ನ ಮೇಲೆ ನಿಂತಿದೆ. ಆದರೆ ಆ ಹಾಲ್‌ನಲ್ಲಿ ನಿಂತಿರುವವರ ಬಗ್ಗೆ ನಾವು ಕೇಳುವುದು ಎರಡೇ ಪ್ರಶ್ನೆ: ತಿಂಗಳಿಗೆ ಎಷ್ಟು? ಭಾನುವಾರ ಬಿಟ್ಟು ರಜೆ ಇಲ್ಲ ತಾನೆ?

"ಯಾರಾದ್ರೂ ಹೇಳ್ಕೊಟ್ಟಿದ್ರೆ ತಾನೆ?"

ಅವತ್ತು ಸಂಜೆ ಆರೂ ಮನೆಯವರು ಆಂಟಿಯ ಹಾಲ್‌ನಲ್ಲೇ ಕೂತೆವು. ಹುಡುಗನ ಅಮ್ಮನಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. "ಒಂಬತ್ತು ವರ್ಷದಿಂದ ಮಾಡ್ತಿದೀರ, ಇಷ್ಟೂ ಗೊತ್ತಿಲ್ವಾ?" ಅಂದರು.

ಆಂಟಿ ತಲೆ ಎತ್ತಲಿಲ್ಲ. "ಯಾರಾದ್ರೂ ಹೇಳ್ಕೊಟ್ಟಿದ್ರೆ ತಾನೆ ಗೊತ್ತಾಗೋದು? ನನ್ನ ಇಬ್ಬರು ಮಕ್ಕಳನ್ನ ಸಾಕಿದೀನಿ, ಅದೇ ನನ್ನ ಟ್ರೈನಿಂಗು" ಅಂದರು.

ಆ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಒಂದು ಸಣ್ಣ ಸರ್ವರ್ ನೋಡಿಕೊಳ್ಳುವ ಕೆಲಸವನ್ನೂ ನಾವು ಒಬ್ಬರ ತಲೆಗೇ ಕಟ್ಟುವುದಿಲ್ಲ. ಇಬ್ಬರಿಗೆ ಗೊತ್ತಿರಬೇಕು, ಬ್ಯಾಕಪ್ ಇರಬೇಕು, ಕೆಟ್ಟರೆ ಏನು ಮಾಡಬೇಕು ಅಂತ ಬರೆದಿಟ್ಟಿರಬೇಕು. ಮಗಳನ್ನು ಬಿಟ್ಟುಬಂದ ಕಡೆ ಇದ್ಯಾವುದೂ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಅಂಗನವಾಡಿ ಕಾರ್ಯಕರ್ತೆಯರ ಸಂಬಳದ ಕಷ್ಟ ಬೇರೆಯೇ ಕಥೆ. ಆದರೂ ಅವರಿಗೆ ತರಬೇತಿ ಇದೆ, ಮೇಲ್ವಿಚಾರಕಿ ಇದ್ದಾರೆ, ಸೇರಿ ಕೂರುವ ಸಭೆಗಳಿವೆ, ಜೊತೆಗೊಬ್ಬ ಸಹಾಯಕಿ ಇರುತ್ತಾರೆ. ಈ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಶುರುವಾದಾಗ, ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. 2023–24ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 'ಕೂಸಿನ ಮನೆ' ಯೋಜನೆಯೂ ಹಾಗೇ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ, ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೈಕೆಗೆ ಹಚ್ಚುವ ಕ್ರಮ. ಆದರೆ ಊರು ದೊಡ್ಡದಾದಷ್ಟೂ, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಒಂಟಿ. ಒಂಬತ್ತು ವರ್ಷದಲ್ಲಿ ನಮ್ಮ ಆಂಟಿಯ ಬಾಗಿಲಿಗೆ ತರಬೇತಿ ಅಂತ ಯಾರೂ ಬಂದಿರಲಿಲ್ಲ.

ಕೊನೆಗೆ ಹುಡುಗನ ಅಮ್ಮನೇ ಮೆತ್ತಗೆ ಕೇಳಿದರು, "ಹೇಳ್ಕೊಟ್ರೆ ಕಲೀತೀರಾ ಆಂಟಿ?" ಆಂಟಿ ಒಂದು ತಿಂಗಳ ಗಡುವು ಕೊಟ್ಟರು. "ನೋಡ್ತೀನಿ. ಆಗಲಿಲ್ಲ ಅಂದ್ರೆ ನಿಲ್ಲಿಸಿಬಿಡ್ತೀನಿ."

ನಾಲ್ಕು ಜನ, ಒಂದು ಪ್ರಶ್ನೆ

ನರ್ಸಮ್ಮ ಹೇಳಿಕೊಡಲು ಒಪ್ಪಿದರು. ಒಬ್ಬರಿಗೇ ಹೇಳುವುದಕ್ಕಿಂತ ಸುತ್ತಮುತ್ತ ಇದೇ ಕೆಲಸ ಮಾಡುವವರನ್ನೂ ಕರೆಯೋಣ ಅಂತ ಹುಡುಕಿದೆವು. ಹಾಲಿನ ಬೂತ್‌ನವರು ಇಬ್ಬರ ಮನೆ ತೋರಿಸಿದರು, ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಇನ್ನೊಬ್ಬರ ನಂಬರ್ ಸಿಕ್ಕಿತು. ಅರ್ಧ ಕಿಲೋಮೀಟರ್ ಒಳಗೇ ನಾಲ್ಕು ಜನ! ಅಲ್ಲಿಯವರೆಗೆ ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಇದ್ದಷ್ಟು ಪರಿಚಯವೂ 'ನಮ್ಮ ಗಿರಾಕಿ ಕಿತ್ಕೊಳ್ಳೋರು' ಅನ್ನುವ ಅನುಮಾನದ್ದು.

ಮೊದಲ ಭಾನುವಾರ ನಾಲ್ವರೂ ಗೋಡೆಗೆ ಒರಗಿ ಬಿಗಿಯಾಗಿ ಕೂತಿದ್ದರು. ಯಾರೂ ಫೀಸ್ ಹೇಳುತ್ತಿಲ್ಲ, ಎಷ್ಟು ಮಕ್ಕಳು ಅಂತ ಹೇಳುತ್ತಿಲ್ಲ. ಆಗ ಅವರಲ್ಲಿ ಚಿಕ್ಕವರು, ಪಕ್ಕದ ಬಡಾವಣೆಯವರು, ಮೆಲ್ಲಗೆ ಕೇಳಿದರು: "ಅಲ್ಲಾ... ನೀವೆಲ್ಲ ಬಾತ್‌ರೂಮಿಗೆ ಹೋಗೋದು ಹೇಗೆ?"

ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಾಲ್ವರೂ ಬಿದ್ದುಬಿದ್ದು ನಕ್ಕರು. ಒಬ್ಬರು ಬಾಗಿಲು ತೆರೆದಿಟ್ಟುಕೊಂಡೇ ಹೋಗುತ್ತಾರಂತೆ. ಇನ್ನೊಬ್ಬರು ಎಲ್ಲ ಮಕ್ಕಳೂ ಮಲಗಲಿ ಅಂತ ಕಾಯುತ್ತಾರಂತೆ. ನಮ್ಮ ಆಂಟಿ ಹೇಳಿದರು, "ನಾನು ನೀರೇ ಕುಡಿಯಲ್ಲ. ಬೆಳಗ್ಗೆ ಕಾಫಿ, ಆಮೇಲೆ ನೀರು ಸಂಜೇಗೇ."

ಅವರು ನಗುತ್ತಲೇ ಇದ್ದರು. ನನಗೆ ನಗು ಬರಲಿಲ್ಲ. ಹನ್ನೊಂದು ತಿಂಗಳು ದಿನಾ ಆ ಬಾಗಿಲಲ್ಲಿ ನಿಂತು "ಪುಟ್ಟಿ ಊಟ ಮಾಡಿದ್ಲಾ, ನೀರು ಕುಡಿದ್ಲಾ" ಅಂತ ಕೇಳಿದವಳು ನಾನು.

ಗೊಂಬೆ ಇಟ್ಟುಕೊಂಡು ಪಾಠ

ಎರಡನೇ ಭಾನುವಾರ ನರ್ಸಮ್ಮ ದೊಡ್ಡದೊಂದು ಬಟ್ಟೆ ಗೊಂಬೆ ತಂದರು. ಗಂಟಲಲ್ಲಿ ಏನಾದರೂ ಸಿಕ್ಕಿ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಉಸಿರು, ಸದ್ದು ಎರಡೂ ನಿಂತರೆ ತಕ್ಷಣ ಬೆನ್ನಿಗೆ 5 ಏಟು. ಹೋಗದಿದ್ದರೆ ಒಂದು ವರ್ಷದೊಳಗಿನ ಮಗುವಿಗೆ ಎದೆಯ ಮೇಲೆ 5 ಸಲ ಒತ್ತುವುದು, ದೊಡ್ಡ ಮಕ್ಕಳಿಗೆ ಹೊಕ್ಕುಳ ಮೇಲ್ಭಾಗದಲ್ಲಿ ಒತ್ತುವ ಕ್ರಮ. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬೆರಳು ಹಾಕಲೇಬಾರದು, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಇದನ್ನು ಕೇಳಿ ಆಂಟಿ ಕಣ್ಣು ಒರೆಸಿಕೊಂಡರು. ಆಮೇಲೆ ಗೊಂಬೆಯನ್ನು ತಗೊಂಡು ಹತ್ತು ಸಲ ಮಾಡಿ ತೋರಿಸಿದರು.

ಮುಂದಿನ ವಾರಗಳಲ್ಲಿ ಇನ್ನಷ್ಟು ಬಂತು. ಹಸುಗೂಸನ್ನು ಅಂಗಾತ ಮಲಗಿಸಬೇಕು, ಪಕ್ಕದಲ್ಲಿ ದಿಂಬು ಬೇಡ. ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಸ್ವಲ್ಪ ಸ್ವಲ್ಪ ಬೆರೆಸದೆ, ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅಪ್ಪ–ಅಮ್ಮ ಬರೆದುಕೊಡದೆ ಯಾವ ಔಷಧಿಯನ್ನೂ ಕೊಡುವ ಹಾಗಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ 'ನವಚೇತನ' ಅಂತ ಒಂದು ಚೌಕಟ್ಟು ತಂದಿದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಜೊತೆ ಯಾವ ತಿಂಗಳಲ್ಲಿ ಏನು ಆಡಬಹುದು, ಏನು ಮಾತಾಡಬಹುದು ಅಂತ ಅದರಲ್ಲಿದೆ. ಅದರ ಕೆಲವು ಆಟಗಳನ್ನು ನಾನು ಕನ್ನಡದಲ್ಲಿ ಬರೆದು ಪ್ರಿಂಟ್ ತೆಗೆದುಕೊಟ್ಟೆ. ಆಂಟಿ ಓದಿ, "ಇದರಲ್ಲಿ ಅರ್ಧ ನಾವು ಮಾಡೋದೇ. ಹೆಸರಿಟ್ಟಿದಾರೆ ಅಷ್ಟೆ" ಅಂದರು.

ನಿಜ. ಪಾಠ ಒಂದೇ ಕಡೆಯಿಂದ ನಡೆಯಲಿಲ್ಲ. ಹೊಸದಾಗಿ ಸೇರಿದ ಮಗು ಅಳು ನಿಲ್ಲಿಸದಿದ್ದರೆ ಏನು ಮಾಡುವುದು ಅಂತ ಚಿಕ್ಕವರು ಕೇಳಿದಾಗ ಉತ್ತರ ಕೊಟ್ಟದ್ದು ನರ್ಸಮ್ಮ ಅಲ್ಲ, ಆಂಟಿ. "ಅವರಮ್ಮ ಉಟ್ಟು ಬಿಟ್ಟ ಹಳೇ ವೇಲ್ ಒಂದು ಇಸ್ಕೊ. ಒಗೀಬೇಡ. ಮಲಗೋವಾಗ ನೀನು ಹೆಗಲ ಮೇಲೆ ಹಾಕ್ಕೊಂಡು ಎತ್ಕೊ." ಚಿಕ್ಕವರು ಅದನ್ನು ಬರೆದುಕೊಂಡರು. ಆಂಟಿಯ ಮಾತನ್ನು ಯಾರೋ ಪುಸ್ತಕದಲ್ಲಿ ಬರೆದುಕೊಂಡದ್ದು ಅದೇ ಮೊದಲಿರಬೇಕು.

ಇದು ನಾವು ಕಂಡುಹಿಡಿದದ್ದೇನೂ ಅಲ್ಲ. ಇಳಾ ಭಟ್ 1972ರಲ್ಲಿ ಕಟ್ಟಿದ 'ಸೇವಾ' ಸಂಘಟನೆಯ ಆಸರೆಯಲ್ಲಿ ಅಹಮದಾಬಾದಿನಲ್ಲಿ ಮಕ್ಕಳ ಆರೈಕೆ ಮಾಡುವ ಹೆಂಗಸರದ್ದೇ ಒಂದು ಸಹಕಾರ ಸಂಘ ಇದೆ, ಹೆಸರು 'ಸಂಗಿನಿ'. ಮಕ್ಕಳನ್ನು ನೋಡಿಕೊಳ್ಳುವುದೂ ಒಂದು ಕಸುಬು, ಕಲಿತು ಮಾಡುವಂಥದ್ದು, ಕಸುಬಿನವರಿಗೆ ಸಂಘ ಬೇಕು ಅನ್ನುವುದು ಅದರ ನಂಬಿಕೆ. ನಮ್ಮದು ಸಂಘವಲ್ಲ, ತಿಂಗಳಿಗೊಂದು ಭಾನುವಾರದ ಕಾಫಿ. ಆದರೂ ದಿಕ್ಕು ಅದೇ.

ಏನು ಬದಲಾಯಿತು, ಏನು ಇಲ್ಲ

ಈಗ ನಾಲ್ವರದ್ದೂ ಒಂದು ವಾಟ್ಸ್ಯಾಪ್ ಗ್ರೂಪ್ ಇದೆ. ಒಬ್ಬರಿಗೆ ಜ್ವರ ಬಂದರೆ ಮಕ್ಕಳನ್ನು ಹಂಚಿಕೊಳ್ಳುತ್ತಾರೆ, ಮೊದಲು ಅಪ್ಪ–ಅಮ್ಮಂದಿರನ್ನು ಕೇಳಿ. ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್: ಮಗುವಿನ ತೂಕ, ಅಲರ್ಜಿ, ಡಾಕ್ಟರ್ ನಂಬರ್, ಯಾರು ಬಂದರೆ ಮಾತ್ರ ಮಗುವನ್ನು ಕಳಿಸಬೇಕು. ಆರು ಮನೆಯವರೂ ತಿಂಗಳಿಗೆ 700 ರೂಪಾಯಿ ಹೆಚ್ಚು ಕೊಟ್ಟು, ಬೆಳಗ್ಗೆ ಹನ್ನೊಂದರಿಂದ ಎರಡರವರೆಗೆ ಆಂಟಿಗೊಬ್ಬ ಸಹಾಯಕಿ ಇಡೋಣ ಅಂತ ಮಾತಾಯಿತು. ಐದು ಮನೆಯವರು ಒಪ್ಪಿದರು. ಒಬ್ಬರು, "ಟ್ರೈನಿಂಗು, ಹೆಲ್ಪರ್ರು ಅಂತ ನಾಳೆ ಫೀಸ್ ಜಾಸ್ತಿ ಮಾಡಲ್ಲ ಅಂತ ಏನು ಗ್ಯಾರಂಟಿ?" ಅಂದು ಮಗುವನ್ನು ಬೇರೆ ಕಡೆ ಸೇರಿಸಿದರು. ನಾಲ್ವರಲ್ಲಿ ಒಬ್ಬರು ಮೂರನೇ ಭಾನುವಾರದಿಂದ ಬರುತ್ತಿಲ್ಲ. ಇರುವ ಒಂದು ರಜೆಯೂ ಹೋಗುತ್ತದೆ ಅನ್ನುವುದು ಅವರ ಮಾತು, ತಪ್ಪೇನಿಲ್ಲ. ಅದಕ್ಕೇ ಈಗ ತರಬೇತಿಯನ್ನು ತಿಂಗಳ ಒಂದು ಶನಿವಾರ ಮಧ್ಯಾಹ್ನಕ್ಕೆ ಬದಲಾಯಿಸಿದ್ದೇವೆ. ಅವತ್ತು ಅರ್ಧ ದಿನ ಡೇಕೇರ್ ಇಲ್ಲ, ಫೀಸ್ ಕಡಿತವೂ ಇಲ್ಲ.

ನಿಮ್ಮ ಮಗುವೂ ಇಂಥದ್ದೊಂದು ಮನೆಗೆ ಹೋಗುತ್ತಿದ್ದರೆ, ಈ ವಾರ ಮೂರು ಕೆಲಸ ಮಾಡಬಹುದು. ಒಂದು, ಹತ್ತಿರದಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರನ್ನು ಹುಡುಕಿ ಇಬ್ಬರಿಗೂ ಪರಿಚಯ ಮಾಡಿಸಿ. ಎರಡು, ಪ್ರಥಮ ಚಿಕಿತ್ಸೆಯ ತರಬೇತಿಗೆ ನೀವೆಲ್ಲ ಸೇರಿ ದುಡ್ಡು ಹಾಕಿ. ಇಂಡಿಯನ್ ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಇದನ್ನು ಹೇಳಿಕೊಡುತ್ತವೆ, ನೀವೂ ಜೊತೆಗೆ ಕೂತು ಕಲಿಯಿರಿ. ಮೂರು, ಅವತ್ತು ಅವರಿಗೆ ಸಂಬಳಸಹಿತ ರಜೆ ಕೊಡಿ. ನಮ್ಮ ಟ್ರೈನಿಂಗ್ ದಿನ ನಮ್ಮ ಸಂಬಳ ಯಾರೂ ಕತ್ತರಿಸುವುದಿಲ್ಲವಲ್ಲ.

ತಿಂಗಳ ಗಡುವು ಮುಗಿದ ದಿನ ಆಂಟಿ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮರುದಿನ ಬೆಳಗ್ಗೆ ಪುಟ್ಟಿಯನ್ನು ಬಿಡಲು ಹೋದಾಗ ಕಿಟಕಿಯ ಮೇಲೆ ಒಂದು ಲೀಟರಿನ ಸ್ಟೀಲ್ ಬಾಟಲಿ ಇತ್ತು. ಮಕ್ಕಳದ್ದಲ್ಲ. ಸಂಜೆ ಕರೆದುಕೊಂಡು ಬರುವಾಗ ಸುಮ್ಮನೆ ಎತ್ತಿ ನೋಡಿದೆ. ಖಾಲಿಯಾಗಿತ್ತು.