ಒಂದು ಸಣ್ಣ ಕಾಲೇಜಿನ ಹೊಗೆಯ ಲೆಕ್ಕ

ಅಮೇರಿಕಾದ ಮೇನ್ ಸಂಸ್ಥಾನದ ಬಾರ್ ಹಾರ್ಬರ್ ಎಂಬ ಊರಿನಲ್ಲಿ 'ಕಾಲೇಜ್ ಆಫ್ ದಿ ಅಟ್ಲಾಂಟಿಕ್' ಎಂಬುದೊಂದು ಸಣ್ಣ ಕಾಲೇಜಿರುವುದು. 1972ರಲ್ಲಿ 32 ಮಂದಿ ವಿದ್ಯಾರ್ಥಿಗಳಿಂದ ಅಲ್ಲಿ ಪಾಠಗಳು ಆರಂಭವಾದುವು. ತನ್ನ ಇಂಗಾಲದ ಹೊಗೆಗೆಲ್ಲ ಪರಿಹಾರವನ್ನೊದಗಿಸಿ ಲೆಕ್ಕವನ್ನು ಸೊನ್ನೆಗಿಳಿಸಿರುವುದಾಗಿ 2007ರಲ್ಲಿ ಅದು ಸಾರಿತು. ಆ ಪರಿಹಾರವಾದರೂ ಎಂತಹುದು? ದೇಶದ ಇನ್ನೊಂದು ಅಂಚಿನ ಪೋರ್ಟ್‌ಲೆಂಡ್ ನಗರದಲ್ಲಿ ವಾಹನಗಳು ವೃಥಾ ನಿಂತು ಎಣ್ಣೆಯನ್ನು ಸುಡದಂತೆ ರಸ್ತೆಯ ದೀಪಸಂಕೇತಗಳನ್ನು ಸರಿಪಡಿಸುವ ಕಾರ್ಯಕ್ಕೆ ಹಣ ತೆತ್ತುದು! ತಾನು ಉಂಡು, ನೆರೆಯವನಿಗೆ ದಕ್ಷಿಣೆಯಿತ್ತು ಏಕಾದಶಿ ಮಾಡಿಸಿದರೆ ವ್ರತವಾದೀತೆ?

ಅದು ಅಷ್ಟಕ್ಕೇ ನಿಲ್ಲಲಿಲ್ಲವೆಂಬುದೇ ನಮಗೆ ಸಂತೋಷದ ಸಂಗತಿ. 2008ರಲ್ಲಿ ಕಟ್ಟಿದ ವಿದ್ಯಾರ್ಥಿನಿಲಯಗಳನ್ನು ಬೆಚ್ಚಗಿಡಲು ಕಲ್ಲೆಣ್ಣೆಗೆ ಬದಲಾಗಿ ಮರದ ಹೊಟ್ಟಿನ ಗುಳಿಗೆಗಳನ್ನು ಉರಿಸುವ ಏರ್ಪಾಡಾಯಿತು. ಮಲವನ್ನು ಗೊಬ್ಬರವಾಗಿಸುವ ಶೌಚಗೃಹಗಳೂ ಬಂದುವು. ಪರರ ಊರಿನ ದೀಪಕ್ಕೆ ತೆತ್ತ ಹಣಕ್ಕಿಂತ ಈ ಗೊಬ್ಬರದ ಗುಂಡಿಯೇ ಮೇಲು.