ಒಂದು ಮಿಷನ್‌ನಲ್ಲಿ ಸೈಕಲ್, ಇನ್ನೊಂದರಲ್ಲಿ ಕಮಲ: ಆದೋನಿಯ ಹಳೇ ಮತದಾರನ ಮುಂದಿದ್ದ ಪ್ರಶ್ನೆ

2024ರ ಮೇ 13. ಆಂಧ್ರಪ್ರದೇಶದಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಂದೇ ದಿನ ಮತದಾನ. ಕರ್ನೂಲು ಜಿಲ್ಲೆಯ ಪಶ್ಚಿಮ ಮೂಲೆಯಲ್ಲಿರುವ ಆದೋನಿಯ ಮತಗಟ್ಟೆಗೆ ಹೋದ ತೆಲುಗುದೇಶಂ ಪಕ್ಷದ ಹಳೇ ಬೆಂಬಲಿಗನಿಗೆ ಅವತ್ತು ಎರಡು ಮಿಷನ್ ಕಾಣಿಸ್ತು. ಲೋಕಸಭೆಯ ಮಿಷನ್‌ನಲ್ಲಿ ಅವನಿಗೆ ಗೊತ್ತಿರುವ ಸೈಕಲ್ ಗುರುತು ಇತ್ತು. ವಿಧಾನಸಭೆಯ ಮಿಷನ್‌ನಲ್ಲಿ ಸೈಕಲ್ ಇರಲೇ ಇಲ್ಲ. ಅಲ್ಲಿ ಅವನ ಪಕ್ಷ ಒತ್ತು ಅಂತ ಹೇಳಿದ್ದು ಕಮಲದ ಗುರುತಿನ ಗುಂಡಿ.

ಆ ಮತದಾರ ಮುಸ್ಲಿಂ ಆಗಿದ್ದರೆ ಅವನ ಕಷ್ಟ ಎಷ್ಟಿರಬಹುದು ಅಂತ ಕರಾವಳಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಕಾಲದಿಂದ ಹಾಕಿಕೊಂಡು ಬಂದ ಪಕ್ಷಕ್ಕೆ ನಿಷ್ಠೆ ತೋರಿಸಬೇಕೋ, ಪಕ್ಷವೇ ದಾರಿ ಬದಲಿಸಿದ ಮೇಲೆ ತಾನೂ ಬದಲಾಗಬೇಕೋ? ಈ ಪ್ರಶ್ನೆ ಆದೋನಿಯದ್ದು ಮಾತ್ರ ಅಲ್ಲ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಕ್ಷಾಂತರ ಜನ ಇದನ್ನೇ ಕೇಳಿಕೊಂಡಿದ್ದಾರೆ. ಕರ್ನಾಟಕದ ಜೆಡಿಎಸ್ ಬೆಂಬಲಿಗರೂ ಕೇಳಿಕೊಂಡಿದ್ದಾರೆ. ಹಾಗಾಗಿ ಇದನ್ನು ಸ್ವಲ್ಪ ಸಮಾಧಾನದಿಂದ ನೋಡುವುದು ಒಳ್ಳೆಯದು.

ಆದೋನಿ ಎಂಬ ಗಡಿ ಊರು

ಕನ್ನಡಿಗರು ಆದವಾನಿ ಅಂತಲೂ ಕರೆಯುವ ಈ ಊರು ಹಿಂದೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಇವತ್ತಿಗೂ ಆದೋನಿ, ಆಲೂರು, ಮಂತ್ರಾಲಯ ಭಾಗದ ಹಳ್ಳಿಗಳಲ್ಲಿ ಕನ್ನಡ ಮಾತಾಡುವವರಿದ್ದಾರೆ. ಪೇಟೆಯಲ್ಲಿ ತೆಲುಗು, ಕನ್ನಡ, ದಖನಿ ಉರ್ದು ಮೂರೂ ಕೇಳಿಸುತ್ತವೆ. ಹತ್ತಿ, ಶೇಂಗಾ ವ್ಯಾಪಾರಕ್ಕೆ ಆದೋನಿ ಮಾರುಕಟ್ಟೆ ದೊಡ್ಡ ಹೆಸರು. ಆದರೆ ಸುತ್ತಲಿನ ಸೀಮೆ ಬರದ್ದು. ತುಂಗಭದ್ರಾ ಕಾಲುವೆ ನೀರು ಎಲ್ಲರಿಗೂ ಮುಟ್ಟುವುದಿಲ್ಲ, ಸುಗ್ಗಿ ಮುಗಿದ ಮೇಲೆ ಮನೆಗೆ ಮನೆಯೇ ಬೀಗ ಹಾಕಿ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತದೆ.

ಆದೋನಿ ಪಟ್ಟಣದಲ್ಲಿ ಮುಸ್ಲಿಮರ ಸಂಖ್ಯೆ ದೊಡ್ಡದು. ಆ ಮತ ಬಿಟ್ಟು ಇಲ್ಲಿ ಯಾವ ಪಕ್ಷವೂ ಲೆಕ್ಕ ಹಾಕುವ ಹಾಗಿಲ್ಲ. ಬಹಳ ವರ್ಷ ಈ ಮತಕ್ಕೆ ಪೈಪೋಟಿ ನಡೆಸಿದ್ದು ಮುಖ್ಯವಾಗಿ ಎರಡು ಮನೆ. ಒಂದು ಟಿಡಿಪಿಯ ಕೆ. ಮೀನಾಕ್ಷಿ ನಾಯ್ಡು ಅವರದ್ದು, ಇನ್ನೊಂದು ವೈ. ಸಾಯಿಪ್ರಸಾದ್ ರೆಡ್ಡಿ ಅವರದ್ದು. ರೆಡ್ಡಿಯವರು 2004ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 2009ರಲ್ಲಿ ನಾಯ್ಡು ಗೆದ್ದರು. 2014 ಮತ್ತು 2019ರಲ್ಲಿ ಮತ್ತೆ ರೆಡ್ಡಿ, ಈ ಸಲ ವೈಎಸ್ಆರ್ ಕಾಂಗ್ರೆಸ್‌ನಿಂದ. ಅಂದರೆ ನಾಯಕ ಪಕ್ಷ ಬದಲಿಸಿದರೂ ಅವರ ಮತದಾರರಲ್ಲಿ ಹೆಚ್ಚಿನವರು ಅವರ ಜೊತೆಗೇ ಹೋದರು. ನಿಷ್ಠೆ ಅಂತ ನಾವು ಹೇಳುವುದು ಎಷ್ಟೋ ಸಲ ಗುರುತಿಗೂ ಅಲ್ಲ, ತತ್ವಕ್ಕೂ ಅಲ್ಲ, ಗುರುತು ಪರಿಚಯದ ಮನುಷ್ಯನಿಗೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

2024ರಲ್ಲಿ ಏನಾಯ್ತು?

2024ರ ಮಾರ್ಚ್‌ನಲ್ಲಿ ಟಿಡಿಪಿ, ಜನಸೇನಾ, ಬಿಜೆಪಿ ಕೈಜೋಡಿಸಿದವು. 175 ವಿಧಾನಸಭಾ ಸೀಟುಗಳಲ್ಲಿ ಟಿಡಿಪಿಗೆ 144, ಜನಸೇನಾಕ್ಕೆ 21, ಬಿಜೆಪಿಗೆ 10. ಆ ಹತ್ತರಲ್ಲಿ ಆದೋನಿ ಒಂದು. ಡಾ. ಪಿ.ವಿ. ಪಾರ್ಥಸಾರಥಿ ಬಿಜೆಪಿ ಅಭ್ಯರ್ಥಿಯಾದರು. ಆದರೆ ಕರ್ನೂಲು ಲೋಕಸಭೆ ಟಿಡಿಪಿಗೇ ಉಳಿಯಿತು, ಬಸ್ತಿಪಾಟಿ ನಾಗರಾಜು ಸೈಕಲ್ ಗುರುತಿನಲ್ಲಿ ನಿಂತರು. ಎರಡು ಮಿಷನ್, ಎರಡು ಗುರುತು ಆದದ್ದು ಹೀಗೆ.

ಫಲಿತಾಂಶ ಜೂನ್ 4ಕ್ಕೆ ಬಂತು. ಪಾರ್ಥಸಾರಥಿ 18 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಲೋಕಸಭೆಗೆ ನಾಗರಾಜು ಗೆದ್ದರು. ರಾಜ್ಯದಲ್ಲಿ ಕೂಟಕ್ಕೆ 164 ಸೀಟು, ವೈಎಸ್ಆರ್ ಕಾಂಗ್ರೆಸ್‌ಗೆ ಬರೀ 11. ತಮಾಷೆ ಏನಪ್ಪಾ ಅಂದ್ರೆ ಆ ಹನ್ನೊಂದರಲ್ಲಿ ಎರಡು ಆದೋನಿಯ ಅಕ್ಕಪಕ್ಕದಲ್ಲೇ ಇವೆ. ಮಂತ್ರಾಲಯದಲ್ಲಿ ಸಾಯಿಪ್ರಸಾದ್ ರೆಡ್ಡಿಯವರ ಸಹೋದರ ಬಾಲನಾಗಿ ರೆಡ್ಡಿ, ಆಲೂರಿನಲ್ಲಿ ಬಿ. ವಿರೂಪಾಕ್ಷಿ. ರಾಜ್ಯವೇ ಒಂದು ಕಡೆ ವಾಲಿದಾಗಲೂ ಈ ಗಡಿ ಸೀಮೆ ಪೂರ್ತಿ ವಾಲಲಿಲ್ಲ.

ಎರಡೂ ಕಡೆಯ ವಾದ

ಕೂಟಕ್ಕೇ ಮತ ಹಾಕೋಣ ಅನ್ನುವವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಸರಕಾರ ನಡೆಸುವುದು ಚಂದ್ರಬಾಬು ನಾಯ್ಡು, ಬಿಜೆಪಿ ಇಲ್ಲಿ ಸಣ್ಣ ಪಾಲುದಾರ. 1999ರಲ್ಲೂ 2014ರಲ್ಲೂ ಟಿಡಿಪಿ ಬಿಜೆಪಿ ಜೊತೆ ಇತ್ತು, 2018ರಲ್ಲಿ ವಿಶೇಷ ಸ್ಥಾನಮಾನದ ವಿಷಯಕ್ಕೆ ಬಿಟ್ಟೂ ಬಂತು. ಪ್ರಚಾರದ ವೇಳೆ ಬಿಜೆಪಿ ನಾಯಕರು ಮುಸ್ಲಿಂ ಮೀಸಲಾತಿ ವಿರುದ್ಧ ಮಾತಾಡಿದಾಗ, ಶೇ. 4 ಮೀಸಲಾತಿ ಉಳಿಸುತ್ತೇವೆ ಅಂತ ನಾಯ್ಡು ಹೇಳಿದರು. ಈ ಮೀಸಲಾತಿ 2007ರ ಕಾನೂನಿನದ್ದು, ಹಿಂದುಳಿದ ವರ್ಗದ 'ಇ' ಪಟ್ಟಿಯಲ್ಲಿ ಮುಸ್ಲಿಮರ ಹಿಂದುಳಿದ ಗುಂಪುಗಳಿಗೆ ಸಿಗುತ್ತದೆ. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಧ್ಯಂತರ ಆದೇಶದ ಮೇಲೆ ಮುಂದುವರಿದಿದೆ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಗಬೇಕಾದ ಮನೆಯಲ್ಲಿ ಇದು ಭಾಷಣದ ವಿಷಯ ಅಲ್ಲ.

ಬೇಡ ಅನ್ನುವವರ ವಾದಕ್ಕೂ ತೂಕ ಇದೆ. ಮತ ಎಣಿಸುವಾಗ ಅದು ಯಾವ ಮನಸ್ಸಿನಿಂದ ಬಿತ್ತು ಅಂತ ಯಾರೂ ನೋಡೋದಿಲ್ಲ. ಟಿಡಿಪಿ ಮೇಲಿನ ಪ್ರೀತಿಯಿಂದ ಒತ್ತಿದ ಕಮಲವೂ ಕಮಲದ ಲೆಕ್ಕಕ್ಕೇ ಹೋಗುತ್ತದೆ. ಸಣ್ಣ ಪಾಲುದಾರನ ಮಾತಿಗೆ ದೊಡ್ಡವನೂ ತಲೆ ಆಡಿಸಬೇಕಾಗಿ ಬರಬಹುದು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ 288ಕ್ಕೆ 232 ಮತಗಳಿಂದ ಪಾಸಾದಾಗ ಟಿಡಿಪಿ ಸಂಸದರು ಮಸೂದೆಯ ಪರ ನಿಂತರು. ಅಂದರೆ ಕಮಲ ಬೇಡ ಅಂತ ಲೋಕಸಭೆಯ ಮಿಷನ್‌ನಲ್ಲಿ ನೆಮ್ಮದಿಯಿಂದ ಸೈಕಲ್ ಒತ್ತಿದವನ ಮತವೂ ಕೊನೆಗೆ ಅಲ್ಲಿಗೇ ಹೋಗಿ ಸೇರಿತು.

ಹಾಗಂತ ಫ್ಯಾನ್ ಗುರುತಿನವರ ಲೆಕ್ಕಪುಸ್ತಕ ಪೂರ್ತಿ ಚೊಕ್ಕ ಅಂತ ಹೇಳಲಿಕ್ಕೂ ಆಗೋದಿಲ್ಲ. ವಕ್ಫ್ ಮಸೂದೆಯನ್ನು ವೈಎಸ್ಆರ್ ಕಾಂಗ್ರೆಸ್ ವಿರೋಧಿಸಿತು, ನಿಜ. ಆದರೆ 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಮಸೂದೆ ಬಂದಾಗ ಅದೂ ಪರವಾಗಿಯೇ ಮತ ಹಾಕಿತ್ತು. ಆಗ ಅದು ಬಿಜೆಪಿ ಜೊತೆ ಮೈತ್ರಿಯಲ್ಲೂ ಇರಲಿಲ್ಲ. ಮೈತ್ರಿ ಮಾಡಿಕೊಂಡವರು ಬೇರೆ, ಮಾಡಿಕೊಳ್ಳದವರು ಬೇರೆ ಅಂತ ಗೆರೆ ಎಳೆಯುವುದು ಅಷ್ಟು ಸುಲಭ ಅಲ್ಲ.

ಅಮೆರಿಕದವರು ಏನು ಮಾಡಿದರು?

2016ರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಡೊನಾಲ್ಡ್ ಟ್ರಂಪ್ ಅಭ್ಯರ್ಥಿಯಾದಾಗ ಆ ಪಕ್ಷದ ಸಂಪ್ರದಾಯಸ್ಥ ಮತದಾರರಲ್ಲಿ ದೊಡ್ಡ ಚರ್ಚೆ ಎದ್ದಿತು. ಚರ್ಚಿಗೆ ಹೋಗುವ, ಕುಟುಂಬ, ನಡತೆ ಅಂತ ಮಾತಾಡುವ ಜನ ಅವರು. 2012ರಲ್ಲಿ ಅದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ಮಿಟ್ ರಾಮ್ನಿ ಬಹಿರಂಗವಾಗಿ ಟ್ರಂಪ್ ವಿರುದ್ಧ ಮಾತಾಡಿದರು. ಅಲ್ಲಿನ ಮತದಾರರು ನಾಲ್ಕು ದಾರಿ ಹಿಡಿದರು. ಹೆಚ್ಚಿನವರು ಮನಸ್ಸಿಲ್ಲದಿದ್ದರೂ, ಸುಪ್ರೀಂ ಕೋರ್ಟಿಗೆ ನಮ್ಮ ಕಡೆಯ ನ್ಯಾಯಮೂರ್ತಿಗಳು ಬರಲಿ ಅಂತ ಪಕ್ಷಕ್ಕೇ ಹಾಕಿದರು. ಕೆಲವರು ಮನೆಯಲ್ಲೇ ಕುಳಿತರು. ಕೆಲವರು ಮೂರನೆಯವನಿಗೆ ಹಾಕಿದರು, ಯೂಟಾ ರಾಜ್ಯದಲ್ಲಿ ಪಕ್ಷೇತರ ಇವಾನ್ ಮೆಕ್‌ಮುಲಿನ್‌ಗೆ ಶೇ. 21ರಷ್ಟು ಮತ ಬಂತು. ಇನ್ನು ಕೆಲವರು ಎದುರು ಪಕ್ಷಕ್ಕೇ ಹೋದರು. 2024ರಲ್ಲಿ ರಿಪಬ್ಲಿಕನ್ ನಾಯಕಿ ಲಿಜ್ ಚೆನಿ ಕಮಲಾ ಹ್ಯಾರಿಸ್ ಪರ ಪ್ರಚಾರಕ್ಕೇ ಇಳಿದರು.

ಅದೇ 2024ರಲ್ಲಿ ಇದೇ ಪ್ರಶ್ನೆ ಅಮೆರಿಕದ ಮುಸ್ಲಿಮರ ಮುಂದೆ ಇನ್ನೊಂದು ದಿಕ್ಕಿನಿಂದ ಬಂತು. ಮಿಷಿಗನ್‌ನ ಡಿಯರ್‌ಬಾರ್ನ್ ಅರಬ್ ಮೂಲದವರು ತುಂಬಿರುವ, ಡೆಮಾಕ್ರಟಿಕ್ ಪಕ್ಷಕ್ಕೆ ಕಾಯಂ ಆಗಿದ್ದ ಊರು. ಗಾಝಾ ಯುದ್ಧದ ಸಿಟ್ಟಿನಲ್ಲಿ ಅಲ್ಲಿನ ಮತ ಒಡೆಯಿತು: ಟ್ರಂಪ್‌ಗೆ ಶೇ. 42ರಷ್ಟು, ಹ್ಯಾರಿಸ್‌ಗೆ 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 18. ಪಕ್ಷಕ್ಕೆ ಪಾಠ ಕಲಿಸಿದೆವು ಅಂತ ಕೆಲವರು ಹೇಳಿದರು. ಗೆದ್ದ ಟ್ರಂಪ್ ಗಾಝಾದ ಬಗ್ಗೆ ಹ್ಯಾರಿಸ್‌ಗಿಂತ ಒಳ್ಳೆಯವರಾ ಅಂತ ಇನ್ನು ಕೆಲವರು ಕೇಳಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಆದರೆ ಅಮೆರಿಕಕ್ಕೂ ಆದೋನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಅಭ್ಯರ್ಥಿ ಯಾರಾಗಬೇಕು ಅಂತ ಪಕ್ಷದ ಮತದಾರರೇ ಪ್ರೈಮರಿ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಇಲ್ಲಿ ಸೀಟು ಯಾವ ಪಕ್ಷಕ್ಕೆ, ಟಿಕೆಟ್ ಯಾರಿಗೆ ಅನ್ನೋದು ಮೇಲಿನವರು ಮೇಜಿನ ಸುತ್ತ ಕುಳಿತು ತೀರ್ಮಾನ ಮಾಡುತ್ತಾರೆ. ಮತದಾರನಿಗೆ ಗೊತ್ತಾಗುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಕರ್ನಾಟಕದಲ್ಲೂ 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ಜೊತೆ ಸೇರಿದ್ದು ಹಾಗೆಯೇ. ಹಲವು ಮುಸ್ಲಿಂ ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು, ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನೇ ಪಕ್ಷ ಸ್ಥಾನದಿಂದ ಇಳಿಸಿತು.

ಯುವಕರು ಏನು ನೋಡಬೇಕು?

ಅಂಗಡಿ ನಡೆಸುವವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ರೇಟು ಕೇಳದೆ ಸಾಮಾನು ಕಟ್ಟಿಸಿಕೊಂಡು ಹೋಗುವ ಕಾಯಂ ಗಿರಾಕಿಗೆ ಯಾರೂ ರಿಯಾಯಿತಿ ಕೊಡುವುದಿಲ್ಲ. ದಿನಾ ಅಂಗಡಿ ಬದಲಿಸುವವನಿಗೆ ಉದ್ರಿಯೂ ಸಿಗುವುದಿಲ್ಲ. ಪಕ್ಷಗಳೂ ಹಾಗೆಯೇ. ಯಾವತ್ತೂ ಕೈಬಿಡದ ಮತವನ್ನು ಮರೆಯುತ್ತವೆ, ಯಾವತ್ತೂ ಸಿಗದ ಮತದ ಹತ್ತಿರ ಸುಳಿಯುವುದಿಲ್ಲ. ಮಾತು ನಡೆಯುವುದು ಕಾರಣ ಹೇಳಿ ಹಾಕುವವನ, ಕಾರಣ ಹೇಳಿ ನಿಲ್ಲಿಸುವವನ ಹತ್ತಿರ ಮಾತ್ರ.

ಹಾಗಾಗಿ ಹಿರಿಯರು ಹಾಕಿದ್ದಕ್ಕೆ ಹಾಕುವುದೂ, ಅವರು ಹಾಕಿದರು ಅಂತಲೇ ಬಿಡುವುದೂ ಎರಡೂ ಸೋಮಾರಿತನ. ನಮ್ಮ ಶಾಸಕ, ಸಂಸದ ಯಾವ ಮಸೂದೆಗೆ ಹೇಗೆ ಮತ ಹಾಕಿದರು, ಊರಿನ ನೀರು, ಆಸ್ಪತ್ರೆ, ವಿದ್ಯಾರ್ಥಿ ವೇತನಕ್ಕೆ ಏನು ಮಾಡಿದರು ಅಂತ ಬರೆದಿಟ್ಟುಕೊಳ್ಳಬೇಕು. ಆದೋನಿಯಲ್ಲಿ ಈಗ ಹೊಸ ಸರಕಾರಿ ಮೆಡಿಕಲ್ ಕಾಲೇಜನ್ನು ಖಾಸಗಿ ಸಹಭಾಗಿತ್ವಕ್ಕೆ ಕೊಡುವ 2025ರ ತೀರ್ಮಾನದ ಬಗ್ಗೆ ಗಲಾಟೆ ಇದೆ. ಅದು ಮುಸ್ಲಿಮರ ವಿಷಯ ಮಾತ್ರ ಅಲ್ಲ, ಗುಳೆ ಹೋಗುವ ಪ್ರತಿ ಮನೆಯ ವಿಷಯ. ಆ ಪಟ್ಟಿಯಲ್ಲಿ ಅದೂ ಇರಬೇಕು.

ಪ್ರಶ್ನೆ ಕೇಳುವ ಸಮಯ ಮತಗಟ್ಟೆಯ ಮಿಷನ್ ಮುಂದೆ ನಿಂತಾಗ ಅಲ್ಲ, ಟಿಕೆಟ್ ಹಂಚುವ ಮೊದಲು. ಮೊಹಲ್ಲಾದವರು ಜಾತಿ, ಧರ್ಮ ನೋಡದೆ ಪಕ್ಕದ ಬೀದಿಯವರನ್ನೂ ಕೂಡಿಸಿಕೊಂಡು, ಮುಂದೆ ಯಾರ ಜೊತೆ ಸೇರುತ್ತೀರಿ ಅಂತ ಸ್ಥಳೀಯ ನಾಯಕರನ್ನು ಈಗಲೇ ಕೇಳಬಹುದು. ಅಷ್ಟು ಮಾಡಿಯೂ ಮನೆಯೊಳಗೆ ಅಪ್ಪ ಒಂದು ಗುಂಡಿ, ಮಗ ಇನ್ನೊಂದು ಗುಂಡಿ ಒತ್ತಿದರೆ ಯಾರೂ ಯಾರನ್ನೂ ದ್ರೋಹಿ ಅನ್ನಬೇಕಾಗಿಲ್ಲ. ಮತ ಗುಟ್ಟಾಗಿ ಇರಲಿ ಅಂತ ಕಾನೂನು ಮಾಡಿದ್ದು ಅದಕ್ಕೇ.